ಬೇಸಿಗೆ ಶಿಬಿರದಲ್ಲಿ ಜನಪದ ಕುಣಿತ: ನಿಮ್ಮ ಪ್ರಶ್ನೆ, ಬಲ್ಲವರ ಉತ್ತರ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಊರೂರಲ್ಲೂ ಮಕ್ಕಳ ಶಿಬಿರ. ಅದರಲ್ಲಿ ಒಂದು ವಾರವನ್ನು ಜನಪದ ಕುಣಿತ ಮತ್ತು ಹಾಡಿಗೇ ಮೀಸಲಿಡಬೇಕು ಎಂದುಕೊಂಡವರು ಈ ಸಲ ಹೆಚ್ಚು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಎಂಟರಿಂದ ಹದಿನಾಲ್ಕು ವರ್ಷದ 40 ಮಕ್ಕಳಿಗೆ ಏಳು ದಿನದ ಶಿಬಿರ ಮಾಡುತ್ತಿದ್ದೇವೆ. ಡೊಳ್ಳು, ಕಂಸಾಳೆ, ವೀರಗಾಸೆ, ಕೋಲಾಟ, ಪಟ ಕುಣಿತ, ಪೂಜಾ ಕುಣಿತ, ಇಷ್ಟನ್ನೂ ಕಲಿಸುವ ಆಸೆ. ಸಮಯ ಸಾಕೇ?
ಯುವಕ ಸಂಘದ ಕಾರ್ಯದರ್ಶಿ, ತಿಪಟೂರು

ಸಾಲದು. ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದೂವರೆ ಗಂಟೆ ಮೈ ಕುಣಿಸಬಹುದು. ಅದಕ್ಕಿಂತ ಹೆಚ್ಚು ಮಾಡಿಸಿದರೆ ಮೂರನೇ ದಿನ ಅರ್ಧ ಮಕ್ಕಳು ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಏಳು ದಿನಕ್ಕೆ ಇಪ್ಪತ್ನಾಲ್ಕೂವರೆ ಗಂಟೆ. ಮೊದಲ ದಿನದ ಅರ್ಧ ಹೆಸರು ಬರೆಸಿಕೊಳ್ಳುವುದರಲ್ಲಿ, ಗುಂಪು ಮಾಡುವುದರಲ್ಲಿ ಹೋಗುತ್ತದೆ. ಕೊನೆಯ ದಿನ ಪೂರ್ತಿ ಪ್ರದರ್ಶನದ ಗಡಿಬಿಡಿ. ಕಲಿಕೆಗೆ ಉಳಿಯುವುದು ಹೆಚ್ಚೆಂದರೆ ಹದಿನೆಂಟು ಇಪ್ಪತ್ತು ಗಂಟೆ. ಆರು ಕಲೆಗೆ ಹಂಚಿದರೆ ತಲಾ ಮೂರು ಗಂಟೆ. ಮೂರು ಗಂಟೆಯಲ್ಲಿ ಮಗು ಕಲಿಯುವುದು ವೇಷ ಹಾಕಿಕೊಂಡು ಫೋಟೋಕ್ಕೆ ನಿಲ್ಲುವುದನ್ನು ಮಾತ್ರ.

ಹನ್ನೊಂದು ವರ್ಷದೊಳಗಿನವರಿಗೆ ಕೋಲಾಟ, ಮೇಲ್ಪಟ್ಟವರಿಗೆ ಕಂಸಾಳೆ ಅಥವಾ ಡೊಳ್ಳು, ಇಬ್ಬರಿಗೂ ಸೇರಿ ನಾಲ್ಕು ಹಾಡು. ಇಷ್ಟು ಸಾಕು, ಇಷ್ಟು ಚೆನ್ನಾಗಿ ಬಂದರೆ ದೊಡ್ಡದು. ಉಳಿದವನ್ನು ಸಂಜೆ ಕಲಾವಿದರಿಂದ ಮಾಡಿಸಿ ತೋರಿಸಿ. ಪಟ ಕುಣಿತದ ಗಳ ಮಗುವಿನ ಎತ್ತರದ ಎರಡು ಮೂರು ಪಟ್ಟು ಇರುತ್ತದೆ. ಪೂಜಾ ಕುಣಿತದಲ್ಲಿ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊರಬೇಕು, ಭಾರವೆಲ್ಲ ಕತ್ತಿನ ಮೇಲೆ. ವೀರಗಾಸೆಗೆ ಕತ್ತಿ, ದಕ್ಷಯಜ್ಞದ ಕಥೆ, ಒಡಪು (ದೇವರನ್ನು ಕೊಂಡಾಡುವ ಏರುದನಿಯ ಮಾತು) ಹೇಳುವ ಗಂಟಲು ಮೂರೂ ಬೇಕು. ಇವು ಯಾವುವೂ ಒಂದು ವಾರದ ಕೆಲಸವಲ್ಲ.

ಕಲಾವಿದರನ್ನು ಹುಡುಕಲು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಒಬ್ಬರನ್ನೇ ಕರೆಸಬೇಡಿ. ಹಾಡುವವರೊಬ್ಬರು, ಹಿಮ್ಮೇಳಕ್ಕೆ ಇಬ್ಬರು ಬಂದರೆ ಮೇಳದ ದನಿ ಮಕ್ಕಳ ಕಿವಿಗೆ ಬೀಳುತ್ತದೆ. ಸಂಭಾವನೆ, ಬಸ್ ಚಾರ್ಜು, ಉಳಿಯುವ ಜಾಗ, ಊಟ ಇವನ್ನು ಮೊದಲೇ ಕಾಗದದಲ್ಲಿ ಬರೆದು ಕೊಡಿ. ಹಣವನ್ನು ಕೊನೆಯ ದಿನ ಹಾರ ಶಾಲಿನ ಮೊದಲೇ ಕೊಟ್ಟುಬಿಡಿ. "ಆಮೇಲೆ ಕಳಿಸ್ತೀವಿ" ಎಂದ ಶಿಬಿರಕ್ಕೆ ಮರುವರ್ಷ ಯಾರೂ ಬರುವುದಿಲ್ಲ.

ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ಯಬೇಕೇ ಎಂದೂ ಕೇಳಿದ್ದೀರಿ. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಸಂಗ್ರಹದಲ್ಲಿ ವಾದ್ಯ, ವೇಷ, ಗೊಂಬೆಗಳನ್ನು ಕಣ್ಣಾರೆ ನೋಡಬಹುದು, ಖಂಡಿತ ಹೋಗಿ. ಆದರೆ ಶಿಬಿರದ ನಡುವೆ ಬೇಡ. ಬಸ್ಸಿನಲ್ಲೇ ಒಂದು ದಿನ ಕಳೆದು, ಮರುದಿನದ ಬೆಳಗಿನ ಹೆಜ್ಜೆಯೂ ತೂಕಡಿಸುತ್ತದೆ. ಶಿಬಿರಕ್ಕೆ ಮುಂಚಿನ ಭಾನುವಾರ ಇಟ್ಟುಕೊಳ್ಳಿ.

ಕೋಲಾಟಕ್ಕೆ ಎಂಥ ಕೋಲು, ಎಷ್ಟು ಉದ್ದ? ಹೋದ ವರ್ಷ ಮಕ್ಕಳ ಬೆರಳಿಗೆ ಏಟು ಬಿದ್ದದ್ದೇ ಬಿದ್ದದ್ದು.
ಪೋಷಕರು, ಕಡೂರು

ಚೆನ್ನಾಗಿ ಒಣಗಿದ ಗಟ್ಟಿ ಮರದ ಕೋಲು, ದಪ್ಪ ಮುಕ್ಕಾಲು ಅಂಗುಲ. ಉದ್ದಕ್ಕೆ ಮಗುವಿನ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆಯೇ ಸರಿ, ಚಿಕ್ಕವರಿಗೆ 13 ಅಂಗುಲ, ದೊಡ್ಡವರಿಗೆ 15ರಿಂದ 16 ಬರುತ್ತದೆ. ಹಸಿ ಕೋಲು 'ಟಕ್' ಅನ್ನುವುದಿಲ್ಲ, 'ದಬ್' ಅನ್ನುತ್ತದೆ, ಎರಡೇ ದಿನಕ್ಕೆ ಸೀಳು ಬಿಡುತ್ತದೆ. ಬಿದಿರಾದರೆ ಗೆಣ್ಣಿನಲ್ಲಿ ಸಿಬಿರು ಏಳದಂತೆ ಮರಳು ಕಾಗದದಿಂದ ತಿಕ್ಕಿ. ನಲವತ್ತು ಮಕ್ಕಳಿಗೆ ಎಂಬತ್ತು ಕೋಲಲ್ಲ, ನೂರು ಮಾಡಿಸಿ.

ಬೆರಳಿಗೆ ಏಟು ಬೀಳುವುದು ಕೋಲಿನ ತಪ್ಪಿಗಲ್ಲ, ಹಿಡಿತದ ತಪ್ಪಿಗೆ. ಮಕ್ಕಳು ಕೋಲನ್ನು ನಡುವಿನಲ್ಲಿ ಹಿಡಿಯುತ್ತಾರೆ. ಬುಡದಿಂದ ಎರಡು ಬೆರಳಷ್ಟೇ ಬಿಟ್ಟು ಹಿಡಿಸಿ. ತುದಿ ಮೇಲ್ಮುಖವಾಗಿ ಓರೆ ಇರಬೇಕು, ತಾಗುವುದು ತುದಿಯ ಮೂರನೇ ಒಂದು ಪಾಲಿನಲ್ಲಿ. ಹೊಡೆಯುವುದು ತೋಳಿನಿಂದ ಅಲ್ಲ, ಮಣಿಕಟ್ಟಿನಿಂದ. ಮೊದಲ ದಿನ ಪೂರ್ತಿ ತಮ್ಮ ಎರಡು ಕೋಲನ್ನು ತಾವೇ ತಾಕಿಸಿಕೊಳ್ಳಲಿ, ಎರಡನೇ ದಿನ ಎದುರಿನವರ ಕೋಲು. ಈ ಒಂದು ದಿನದ ತಾಳ್ಮೆ ಇಲ್ಲದ ಕಡೆಯೇ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಖಾಲಿಯಾಗುವುದು.

ಜಡೆ ಕೋಲಾಟ ಮಾಡಿಸಿದೆವು. ಹೆಣೆಯುವುದು ಸರಿಯಾಗಿ ಬಂತು, ಬಿಚ್ಚುವಾಗ ಪ್ರತಿಸಲವೂ ಗಂಟು. ಕಾರಣ ಏನು?
ಪ್ರಾಥಮಿಕ ಶಾಲೆ ಶಿಕ್ಷಕಿ, ಅರಸೀಕೆರೆ

ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಕುಣಿಯುತ್ತಲೇ ಜಡೆಯಂತೆ ಹೆಣೆದು ಮತ್ತೆ ಬಿಚ್ಚುವ ಕೋಲಾಟ ಇದು. ಹೆಣೆಯುವಾಗ ಅಥವಾ ಬಿಚ್ಚಲು ಶುರು ಮಾಡುವಾಗ ಎಲ್ಲೋ ತಪ್ಪಾಗಿರುತ್ತದೆ, ಅದು ಬಿಚ್ಚುವಾಗ ಕಾಣಿಸುತ್ತದೆ. ಇದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮಕ್ಕಳ ಸಂಖ್ಯೆ ಸಮ ಇರಬೇಕು. ಕಲಿಯಲು ಎಂಟು, ಪ್ರದರ್ಶನಕ್ಕೆ ಹನ್ನೆರಡು ಅನುಕೂಲ. ಹದಿನಾರಾದರೆ ಮಕ್ಕಳ ಕೈಯಲ್ಲಿ ಜಡೆ ದಪ್ಪವಾಗಿ, ಸುತ್ತು ನಿಧಾನವಾಗಿ, ನೋಡುವವರಿಗೆ ಬೇಸರ. ಹತ್ತು ಅಡಿ ಎತ್ತರದಲ್ಲಿ ತೊಲೆಗೋ ಗಟ್ಟಿ ಕೊಂಬೆಗೋ ಕಬ್ಬಿಣದ ಬಳೆ ಬಿಗಿದು ಹಗ್ಗಗಳನ್ನು ಇಳಿಬಿಡಿ. ಮಕ್ಕಳು ನಡುವಿನಿಂದ ಆರು ಅಡಿ ದೂರ ನಿಂತರೆ ಕೈವರೆಗೆ ಹಗ್ಗ ಒಂಬತ್ತೂವರೆ ಅಡಿ ಬೇಕಾಗುತ್ತದೆ. ಹೆಣೆದಂತೆ ಹಗ್ಗ ಗಿಡ್ಡವಾಗುವುದರಿಂದ ಹದಿನಾಲ್ಕು ಅಡಿ ಇಟ್ಟುಕೊಳ್ಳಿ, ಹೆಚ್ಚಿನದನ್ನು ಕೈಗೆ ಸುತ್ತಿಕೊಳ್ಳಲಿ. ನೈಲಾನ್ ಹಗ್ಗ ಜಾರಿ ಜಡೆ ಸಡಿಲವಾಗುತ್ತದೆ. ಹತ್ತಿಯ ಹಗ್ಗ ಅಥವಾ ಸೀರೆ ಹರಿದು ಹೊಸೆದ ಬಟ್ಟೆಪಟ್ಟಿ ಒಳ್ಳೆಯದು. ಎರಡು ಬಣ್ಣ ಕಡ್ಡಾಯ ಮಾಡಿಕೊಳ್ಳಿ: ಬೆಸ ಸಂಖ್ಯೆಯವರಿಗೆ ಹಳದಿ, ಸರಿ ಸಂಖ್ಯೆಯವರಿಗೆ ಕೆಂಪು. ಎಡಗೈಯಲ್ಲಿ ಕೋಲೂ ಹಗ್ಗದ ತುದಿಯೂ, ಬಲಗೈಯಲ್ಲಿ ಕೋಲು.

ಹಳದಿಯವರು ಪ್ರದಕ್ಷಿಣೆಗೆ, ಕೆಂಪಿನವರು ಅಪ್ರದಕ್ಷಿಣೆಗೆ ಮುಖ ಮಾಡಿ ನಿಲ್ಲಲಿ. ಎದುರಿನವರನ್ನು ಒಮ್ಮೆ ದಾಟುವುದು ಒಂದು ಎದುರಾಟ. ಮೊದಲ ಎದುರಾಟದಲ್ಲಿ ಹಳದಿ ಹೊರಗೆ, ಕೆಂಪು ಬಗ್ಗಿ ಹಳದಿ ಹಗ್ಗದ ಕೆಳಗೆ ಒಳಗೆ. ಎರಡನೆಯದರಲ್ಲಿ ಹಳದಿ ಒಳಗೆ, ಕೆಂಪು ಹೊರಗೆ. ಹೀಗೆ ಹೊರಗೆ, ಒಳಗೆ, ಹೊರಗೆ, ಒಳಗೆ. ಹನ್ನೆರಡು ಮಂದಿ ಇದ್ದರೆ ಹನ್ನೆರಡನೇ ಎದುರಾಟ ಮುಗಿಯುವಾಗ ಎಲ್ಲರೂ ಹೊರಟ ಜಾಗಕ್ಕೇ ಬಂದಿರುತ್ತಾರೆ. ನಿಲ್ಲಿಸುವುದಾದರೆ ಅಲ್ಲೇ ನಿಲ್ಲಿಸಿ. ನೆಲದಲ್ಲಿ ಸುಣ್ಣದಿಂದ ಹನ್ನೆರಡು ಗುರುತು ಹಾಕಿಟ್ಟಿದ್ದರೆ ಯಾರು ಜಾಗ ತಪ್ಪಿದರು ಎಂಬುದು ತಕ್ಷಣ ಗೊತ್ತಾಗುತ್ತದೆ.

ಈಗ ಬಿಚ್ಚುವುದು. ಎಲ್ಲರೂ ನಿಂತಲ್ಲೇ ಹಿಂದಕ್ಕೆ ತಿರುಗಬೇಕು. ಕೊನೆಯ ಎದುರಾಟದಲ್ಲಿ ಒಳಗೆ ಹೋದವರೇ ಮೊದಲು ಒಳಗೆ ಹೋಗಬೇಕು. ಮೇಲಿನ ಲೆಕ್ಕದಲ್ಲಿ ಹನ್ನೆರಡನೆಯ ಸಲ ಹಳದಿ ಒಳಗಿತ್ತು, ಆದ್ದರಿಂದ ಬಿಚ್ಚುವಾಗ ಹಳದಿ ಒಳಗಿನಿಂದ ಶುರು. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಹೆಣಿಗೆ ಶುರುವಾದಾಗ ಹಳದಿ ಹೊರಗಿತ್ತಲ್ಲ ಎಂದು ಬಿಚ್ಚುವಾಗಲೂ ಹಳದಿಯನ್ನು ಹೊರಗೆ ಬಿಡುತ್ತಾರೆ. ಅಲ್ಲಿಂದ ಬಿಚ್ಚುತ್ತಿಲ್ಲ, ಇನ್ನೊಂದು ಜಡೆ ಹೆಣೆಯುತ್ತಿದ್ದೀರಿ. ನಿಮ್ಮಲ್ಲಿ 'ಪ್ರತಿಸಲವೂ' ಗಂಟು ಬಿತ್ತು ಎಂದರೆ ಇದೇ ಕಾರಣ ಇರಬೇಕು.

ಇನ್ನೊಂದು ತಪ್ಪು ಒಬ್ಬೊಬ್ಬರದು, ಎರಡು ಸಲ ಒಂದೇ ಕಡೆ ಹೋಗುವುದು. ಜಡೆ ಸರಿಯಿದ್ದರೆ ಹಳದಿ ಕೆಂಪು ಒಂದರ ಮೇಲೊಂದು ಸಾಲಾಗಿ ಕಾಣುತ್ತವೆ. ಒಂದು ಬಣ್ಣ ಎರಡು ಎಳೆ ದಾಟಿ ಮೇಲೆ ಮಲಗಿದ್ದರೆ ತಪ್ಪಿದ್ದು ಅಲ್ಲೇ. ಎಳೆಯಬೇಡಿ. ಎಳೆದಷ್ಟೂ ಗಂಟು ಬಿಗಿಯುತ್ತದೆ, ಬಳೆಗೂ ಜೋಲಿ ಹೊಡೆಯುತ್ತದೆ. ಹಾಡು ನಿಲ್ಲಿಸಿ, ಆ ಎಳೆ ಸಿಗುವವರೆಗೆ ನಡೆದುಕೊಂಡೇ ಬಿಚ್ಚಿಸಿ, ಮತ್ತೆ ಹೆಣೆಸಿ.

ಮೊದಲೆರಡು ದಿನ ಹಗ್ಗವೂ ಬೇಡ, ಕೋಲೂ ಬೇಡ. ಬರಿಗೈಯಲ್ಲಿ 'ಹೊರಗೆ, ಒಳಗೆ' ಎಂದು ಬಾಯಲ್ಲಿ ಹೇಳಿಕೊಂಡು ನಡೆಯಲಿ. ಆಮೇಲೆ ಆ ಮಾತಿನ ಜಾಗಕ್ಕೆ ಹಾಡು ತನ್ನಿ. ಇಬ್ಬರು ಮಕ್ಕಳನ್ನು ಬದಲಿಗೆ ತಯಾರು ಮಾಡಿಟ್ಟುಕೊಳ್ಳಿ, ಒಬ್ಬನಿಗೆ ಜ್ವರ ಬಂದರೆ ಇಡೀ ಜಡೆ ನಿಲ್ಲುವ ಆಟ ಇದು.

ಕಂಸಾಳೆ ಕಲಿಸಲು ದೀಕ್ಷೆ ಆಗಿರಬೇಕೇ? ಹೆಣ್ಣುಮಕ್ಕಳಿಗೆ ಕಲಿಸಬಹುದೇ? ಪೆಟ್ಟಾಗದಂತೆ ಏನು ಮಾಡಬೇಕು?
ಶಿಬಿರ ಸಂಚಾಲಕರು, ದಾವಣಗೆರೆ

ಕಂಸಾಳೆ ಮಲೆ ಮಹದೇಶ್ವರನ ದೇವರ ಗುಡ್ಡರ, ಅಂದರೆ ಅವನಿಗೆ ಮುಡಿಪಾದ ಭಕ್ತರ ಕಲೆ. ಗುರುವಿನಿಂದ ದೀಕ್ಷೆ ಪಡೆದು ಮಾದಪ್ಪನ ಕಥೆ ಹಾಡುವುದು ಅದರ ಮೂಲ, ಬೀಸು ಕಂಸಾಳೆಯ ಕುಣಿತ ಅದರ ಒಂದು ಅಂಗ. ಶಿಬಿರದಲ್ಲಿ ನೀವು ಕಲಿಸುವುದು ಕುಣಿತವನ್ನು, ದೀಕ್ಷೆಯನ್ನಲ್ಲ. ಹೆಣ್ಣುಮಕ್ಕಳು ಶಾಲಾ ಕಾಲೇಜುಗಳಲ್ಲಿ ಕಲಿತು ಕುಣಿಯುತ್ತಿದ್ದಾರೆ, ಅಡ್ಡಿಯಿಲ್ಲ. ಆದರೆ ರುದ್ರಾಕ್ಷಿ, ಜೋಳಿಗೆ ಇಂಥವನ್ನು ವೇಷವೆಂದು ಮಕ್ಕಳಿಗೆ ತೊಡಿಸುವ ಮೊದಲು ಕಲಿಸಲು ಬಂದ ಕಲಾವಿದರನ್ನು ಕೇಳಿ, ಅವರು ಬೇಡವೆಂದರೆ ಬಿಟ್ಟುಬಿಡಿ. ಮಾದಪ್ಪನ ಕಥೆಯಲ್ಲಿ ಒಂದು ಭಾಗವನ್ನಾದರೂ ಮಕ್ಕಳು ಕೂತು ಕೇಳಲಿ. ಯಾರ ಕಥೆಗೆ ಕುಣಿಯುತ್ತಿದ್ದೇವೆ ಎಂಬುದೇ ಗೊತ್ತಿಲ್ಲದ ಮಕ್ಕಳ ಕಂಸಾಳೆ ಬರೀ ಕಸರತ್ತಾಗುತ್ತದೆ.

ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಪೆಟ್ಟು ಎಲ್ಲ ಆ ದಾರದಿಂದಲೇ. ಮಕ್ಕಳಿಗೆ ದಾರ ಗಿಡ್ಡವಿರಲಿ, ತಾಳ ಕೈಯಿಂದ ಒಂದು ಗೇಣಿಗಿಂತ ಆಚೆ ಹೋಗಬಾರದು. ತಾಳದ ತೂತಿನ ಅಂಚಿನಲ್ಲಿ ದಾರ ಸವೆಯುತ್ತದೆ. ದಿನಾ ಬೆಳಿಗ್ಗೆ ಬೆರಳಾಡಿಸಿ ನೋಡಿ, ನಾಲ್ಕನೇ ದಿನ ಸವೆದಿಲ್ಲದಿದ್ದರೂ ಬದಲಿಸಿ. ಮೊದಲ ಎರಡು ದಿನ ಬಟ್ಟಲನ್ನು ಎದೆಯೆತ್ತರದಲ್ಲಿ ಕದಲಿಸದೆ ಹಿಡಿದು ಬರೀ ಬಲಗೈ ಆಡಲಿ. ಮೂರನೇ ದಿನ ಸೊಂಟದ ಪಕ್ಕ, ನಾಲ್ಕನೇ ದಿನ ತಲೆಯ ಮೇಲೆ. ಕಾಲಡಿಯ, ಬೆನ್ನ ಹಿಂದಿನ ಬೀಸು ಈ ವಾರಕ್ಕೆ ಬೇಡವೇ ಬೇಡ. ಇಬ್ಬರ ನಡುವೆ ಎರಡೂ ಕೈ ಚಾಚಿದಾಗ ಬೆರಳು ತಾಗದಷ್ಟು ಜಾಗ ಇರಲಿ, ಅದರ ಮೇಲೆ ಇನ್ನೊಂದು ಮೊಳ.

ಅಂಚಿಗೆ ಅಂಚು ಹೊಡೆದರೆ ಕಂಚು ಚಕ್ಕೆ ಏಳುತ್ತದೆ, ಒಡೆದ ತಾಳ ಮತ್ತೆ ನಾದ ಕೊಡುವುದಿಲ್ಲ. ಸ್ವಲ್ಪ ಓರೆಯಾಗಿ ತಾಗಿಸಿದರೆ ನಾದ ಉದ್ದವಾಗಿ ನಿಲ್ಲುತ್ತದೆ. ಮೊಟಕಾಗಿ 'ಕಟ್' ಅಂದರೆ ಬಟ್ಟಲಿನ ಹೊಟ್ಟೆಗೆ ಬೆರಳು ಒತ್ತಿದೆ ಎಂದು ಅರ್ಥ.

ಹನ್ನೆರಡು ವರ್ಷದವರಿಗೆ ಡೊಳ್ಳು ಕಟ್ಟಬಹುದೇ? ಮಳೆ ಬಂದ ಮರುದಿನ ಡೊಳ್ಳು, ಹಲಗೆ (ತಮಟೆ) ಎರಡೂ ಮಂಕಾಗುತ್ತವೆ, ಪರಿಹಾರ?
ಓದುಗರು, ಹಾವೇರಿ

ದೊಡ್ಡವರ ಡೊಳ್ಳು ಹತ್ತು ಕಿಲೋ ದಾಟುತ್ತದೆ. ಹನ್ನೆರಡರ ಮಗುವಿನ ತೂಕವೇ ಮೂವತ್ತೈದರ ಆಸುಪಾಸು. ಅದನ್ನು ಕಟ್ಟಿಕೊಂಡು ಹಾರಿದರೆ ಪೆಟ್ಟು ಬೀಳುವುದು ಸೊಂಟಕ್ಕೆ. ಚಿಕ್ಕ ಡೊಳ್ಳು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಮಣೆಯ ಮೇಲಿಟ್ಟು ಬಾರಿಸುವುದನ್ನು ಕಲಿಸಿ, ಹೆಜ್ಜೆಯನ್ನು ಡೊಳ್ಳಿಲ್ಲದೆ ಬೇರೆಯಾಗಿ ಕಲಿಸಿ. ಕೋಲು ಬಲಗೈಗೆ, ಎಡಕ್ಕೆ ಬರಿ ಅಂಗೈ. ಅಂಗೈಯ ಹೊಡೆತವೇ ಮಕ್ಕಳಿಗೆ ಕಷ್ಟ, ಬೆರಳು ಕೂಡಿಸದೆ ಹೊಡೆದರೆ ಚುರುಗುಟ್ಟುತ್ತದೆ ಹೊರತು ಸದ್ದು ಬರುವುದಿಲ್ಲ. ಹದಿನಾಲ್ಕರ ಮೇಲಿನವರು ದಿನಕ್ಕೆ ಹತ್ತತ್ತು ನಿಮಿಷದಂತೆ ಮೂರು ಸಲ ಕಟ್ಟಿಕೊಳ್ಳಲಿ. ಸಿಮೆಂಟ್ ನೆಲದಲ್ಲಿ ಹಾರಿಸಲೇಬೇಡಿ, ಮಣ್ಣಿನ ಅಂಗಳಕ್ಕೆ ನೀರು ಚಿಮುಕಿಸಿ ಕುಣಿಸಿ. ಹುಡುಗಿಯರೂ ಕಲಿಯಬಹುದೇ ಎಂದು ಹಲವರು ಕೇಳುತ್ತಾರೆ. ಸಾಗರದ ಕಡೆ ಹೆಂಗಸರದೇ ಡೊಳ್ಳಿನ ತಂಡಗಳಿವೆ, ಅಷ್ಟು ಹೇಳಿದರೆ ಸಾಕು.

ಮೋಡದ ತೇವಕ್ಕೆ ಚರ್ಮ ಹಿಗ್ಗಿ ಸಡಿಲವಾಗುತ್ತದೆ, ಅದಕ್ಕೇ ಮಂಕು. ಹಲಗೆಯನ್ನು ಒಣಹುಲ್ಲಿನ ಉರಿಗೆ ಒಂದು ಅಡಿ ದೂರದಲ್ಲಿ ಹಿಡಿದು ತಿರುಗಿಸುತ್ತಲೇ ಇರಬೇಕು. ಒಂದೇ ಕಡೆ ನಿಲ್ಲಿಸಿದರೆ ಆ ಜಾಗ ಸುಟ್ಟು ಬಿರಿಯುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಬೆರಳಿನಿಂದ ಚಿಮ್ಮಿ ನೋಡಿ, ದನಿ ಮೇಲೇರಿದೊಡನೆ ನಿಲ್ಲಿಸಿ. ಈ ಕೆಲಸ ದೊಡ್ಡವರೇ ಮಾಡಲಿ. ಡೊಳ್ಳಿಗೆ ಬೆಂಕಿ ಬೇಡ, ಎಳೆಬಿಸಿಲಿಗೆ ಅರ್ಧ ಗಂಟೆ ಇಟ್ಟು ಹಗ್ಗ ಎಳೆಯಿರಿ, ಒಂದೇ ಕಡೆ ಪೂರ್ತಿ ಎಳೆಯದೆ ಎದುರುಬದುರು ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ. ಮಧ್ಯಾಹ್ನದ ಬಿಸಿಲಲ್ಲಿ ಬಿಗಿ ಮಾಡಿದ್ದನ್ನು ಹಾಗೇ ಬಿಟ್ಟುಹೋದರೆ ಚರ್ಮ ತಾನಾಗಿಯೇ ಸೀಳುವುದುಂಟು. ಆಟ ಮುಗಿದ ಮೇಲೆ ಹಗ್ಗ ಸಡಿಲಿಸಿ, ಬಟ್ಟೆ ಸುತ್ತಿ ನೆರಳಲ್ಲಿಡಿ.

ಶಾಸ್ತ್ರೀಯ ಸಂಗೀತ ಕಲಿಸುವವಳು ನಾನು. ಶಿಬಿರದಲ್ಲಿ ಜನಪದ ಗೀತೆ ಹೇಳಿಕೊಡಬೇಕು. ಸಾಹಿತ್ಯದ ಚೀಟಿ ಹಂಚಲೇ? ಶ್ರುತಿ ಎಷ್ಟಿರಬೇಕು?
ಸಂಗೀತ ಶಿಕ್ಷಕಿ, ಬೆಂಗಳೂರು

ಚೀಟಿ ಬೇಡ. ಚೀಟಿ ಕೈಗೆ ಬಂದ ಕೂಡಲೇ ಮಗುವಿನ ಕಣ್ಣು ಕೆಳಗೆ, ಕಿವಿ ಮುಚ್ಚಿತು. ನೀವು ಒಂದು ಸಾಲು ಹೇಳಿ, ಅವರು ಹಿಮ್ಮೇಳವಾಗಿ ಅದನ್ನೇ ಹಿಡಿಯಲಿ. ಸೊಲ್ಲು (ಪಲ್ಲವಿ) ಮೊದಲು ಬಾಯಿಗೆ ಬರಲಿ, ನುಡಿಗಳು (ಚರಣಗಳು) ಆಮೇಲೆ. ಮೂರನೇ ದಿನ ಅವರೇ ಕೇಳಿದ್ದನ್ನು ಬರೆದುಕೊಳ್ಳಲಿ. ಬರೆದದ್ದರಲ್ಲಿ 'ಬಂದಾಳ', 'ಹೋಗ್ಯಾನ', 'ಕುಂತವ್ಳೆ' ಇದ್ದರೆ ದಯವಿಟ್ಟು ತಿದ್ದಬೇಡಿ. 'ಬಂದಿದ್ದಾಳೆ' ಎಂದು ಮಾಡಿದೊಡನೆ ಮಾತ್ರೆ ಹೆಚ್ಚಾಗಿ ಹಾಡು ತಾಳಕ್ಕೆ ಕೂರುವುದಿಲ್ಲ. ವಿಜಯಪುರದ ಹಾಡು, ಚಾಮರಾಜನಗರದ ಹಾಡು ಎರಡನ್ನೂ ಒಂದೇ ಉಚ್ಚಾರಕ್ಕೆ ತರುವುದೂ ಬೇಡ.

ಕಲಾವಿದರು ಏರುದನಿಯಲ್ಲಿ ಹಾಡುತ್ತಾರೆ, ಬಯಲಲ್ಲಿ ಹಾಡಿ ಬಂದ ಗಂಟಲು ಅದು. ಮಕ್ಕಳು ಅದನ್ನು ಅನುಕರಿಸಿ ಕಿರುಚಿದರೆ ಮೂರೇ ದಿನಕ್ಕೆ ಗಂಟಲು ಕೂರುತ್ತದೆ. ಎಲ್ಲರಿಗೂ ಆರಾಮಾಗಿ ಹತ್ತುವ ಶ್ರುತಿಯನ್ನು ಮೊದಲ ದಿನವೇ ಹುಡುಕಿ, ವಾರಪೂರ್ತಿ ಅದನ್ನೇ ಉಳಿಸಿಕೊಳ್ಳಿ. ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿದ್ದರೆ ಅವರಿಗೆ ತಾಳ, ದಮ್ಮಡಿ ಕೊಡಿ. ಗಮಕ ಸೇರಿಸಿ ಚೆಂದ ಮಾಡುವ ಆಸೆ ನಿಮಗೆ ಬರುತ್ತದೆ, ತಡೆದುಕೊಳ್ಳಿ. ಬೀಸುವ ಪದದ ಚೆಂದ ಇರುವುದು ಕಲ್ಲು ತಿರುಗುವ ಒಂದೇ ಗತಿಯಲ್ಲಿ.

ಗತಿಯ ಮಾತು ಬಂದಿತಲ್ಲ, ಮಕ್ಕಳು ಯಾವಾಗಲೂ ಓಡುತ್ತಾರೆ. ನಿಮಿಷಕ್ಕೆ 80 ಪೆಟ್ಟಿನಲ್ಲಿ ಶುರುವಾದದ್ದು ಮೂರನೇ ನುಡಿಗೆ 110 ಆಗಿರುತ್ತದೆ. ತಾಳ ಹಿಡಿದವರೊಬ್ಬರು ಕುಣಿಯದೆ ನಿಂತು ಹದ್ದುಬಸ್ತಿನಲ್ಲಿಡಬೇಕು. ಧ್ವನಿಮುದ್ರಿಕೆ ಹಾಕಿ ಕುಣಿಸುವುದು ಸುಲಭ, ಆದರೆ ಆಗ ಮಕ್ಕಳು ಪೆಟ್ಟಿಗೆಯ ಹಿಂದೆ ಓಡುತ್ತಾರೆ ಹೊರತು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ.

ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಶಿಬಿರ ಮಾಡುವುದೇ ತಪ್ಪೇ?
ತಂದೆಯೊಬ್ಬರು, ರಾಯಚೂರು

ತಪ್ಪಲ್ಲ, ಹೊತ್ತು ಬದಲಿಸಿ. ಬೆಳಿಗ್ಗೆ ಆರಕ್ಕೆ ಶುರು, ಎಂಟೂವರೆಗೆ ಕುಣಿತ ಬಂದ್. ಸಂಜೆ ಐದೂವರೆಯ ನಂತರ ಮತ್ತೆ. ನಡುವಿನ ಹೊತ್ತು ನೆರಳಲ್ಲಿ ಕೂತು ಹಾಡು, ಒಗಟು, ಕೋಲಿಗೆ ಕುಚ್ಚು ಕಟ್ಟುವುದು. ಆರಕ್ಕೆ ಅರ್ಧ ಲೋಟ ಅಂಬಲಿ ಕುಡಿಸಿ, ಹೊಟ್ಟೆ ತುಂಬ ನಾಷ್ಟಾ ಕುಣಿತ ಮುಗಿದ ಮೇಲೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರಿಗೂ ನೀರು, ಬಾಯಾರಿದವರಿಗೆ ಮಾತ್ರ ಅಲ್ಲ. ನಲವತ್ತು ಮಕ್ಕಳಿಗೆ ಒಂದು ಸರದಿ ಮಜ್ಜಿಗೆ ಎಂದರೆ ಎಂಟು ಲೀಟರ್: ಎರಡು ಲೀಟರ್ ಮೊಸರು, ಆರು ಲೀಟರ್ ನೀರು, ಆರು ಚಹಾ ಚಮಚ ಉಪ್ಪು. ತಲೆನೋವು, ವಾಕರಿಕೆ ಎಂದ ಮಗುವನ್ನು ನೆರಳಿಗೆ ತಂದು ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಮೈ ಕಾದು ಮಂಪರು ಬಂದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ನಮಗಿಲ್ಲಿ ಬೇಸಿಗೆ ರಜೆ ಜನವರಿಯಲ್ಲಿ. ಕನ್ನಡ ಮಕ್ಕಳಿಗೆ ಕೋಲಾಟದ ವಾರ ಮಾಡಲು ಊರಿನಿಂದ ಕೋಲು, ತಮಟೆ ತರಬಹುದೇ? ಊರಿನ ಗುರುಗಳು ವೀಡಿಯೋ ಕರೆಯಲ್ಲಿ ಕಲಿಸಲು ಒಪ್ಪಿದ್ದಾರೆ.
ಕನ್ನಡ ಶಾಲೆಯ ಸ್ವಯಂಸೇವಕಿ, ಮೆಲ್ಬರ್ನ್

ಆಸ್ಟ್ರೇಲಿಯಾದಲ್ಲಿ ಮರ, ಚರ್ಮ ಎರಡನ್ನೂ ಇಳಿದೊಡನೆ ಘೋಷಿಸಬೇಕು. ತೊಗಟೆ ಇದ್ದ ಕೋಲು, ಹುಳು ಕೊರೆದ ಮರ, ರೋಮ ಉಳಿದ ಚರ್ಮ ಒಳಗೆ ಹೋಗುವುದು ಕಷ್ಟ. ಕೋಲನ್ನು ಕೈಚೀಲದಲ್ಲಿ ವಿಮಾನದೊಳಗೆ ಒಯ್ಯಲೂ ಬಿಡುವುದಿಲ್ಲ. ಇಷ್ಟು ಪಾಡು ಯಾಕೆ? ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ 20 ಮಿಲಿಮೀಟರ್ ದಪ್ಪದ ಗಟ್ಟಿ ಮರದ ದುಂಡುಕೋಲು ಕೊಂಡು 35 ಸೆಂಟಿಮೀಟರಿಗೆ ಕತ್ತರಿಸಿ ತುದಿ ಉಜ್ಜಿದರೆ ಆಯಿತು. ತಮಟೆ ಬೇಕೇ ಬೇಕೆಂದರೆ ಫೈಬರ್ ಹೊದಿಕೆಯದು ತರಿಸಿ, ಅದಕ್ಕೆ ಬೆಂಕಿಯ ರಗಳೆಯೂ ಇಲ್ಲ.

ವೀಡಿಯೋ ಕರೆಯಲ್ಲಿ ಸದ್ದು ತಡವಾಗಿ ತಲುಪುವುದರಿಂದ ಗುರುಗಳ ತಾಳಕ್ಕೆ ಮಕ್ಕಳು ಕೋಲು ಹಾಕಿದರೆ ಆಚೆ ಕೂತ ಗುರುಗಳಿಗೆ ಎಲ್ಲ ತಪ್ಪಾಗಿಯೇ ಕೇಳಿಸುತ್ತದೆ. ಅವರು ಮಾಡಿ ತೋರಿಸಲಿ, ಮಕ್ಕಳು ತಮ್ಮ ಮೈಕು ಮುಚ್ಚಿಕೊಂಡು ಮಾಡಲಿ. ಆ ದಿನದ ಆಟವನ್ನು ಚಿತ್ರೀಕರಿಸಿ ಕಳಿಸಿದರೆ ಮರುದಿನ ಅವರು ನೋಡಿ ತಿದ್ದಬಹುದು. ಕ್ಯಾಮೆರಾವನ್ನು ಎದುರಿಗಲ್ಲ, ಎತ್ತರದಲ್ಲಿ ಇಡಿ, ಸುತ್ತು ಪೂರ್ತಿ ಕಾಣಬೇಕು. ಗುರುಗಳ ಸಂಭಾವನೆಯನ್ನು ಊರಿನಲ್ಲಿ ಎದುರು ಕಲಿಸುವಷ್ಟೇ ಕೊಡಿ.

ಸಮಾರೋಪದ ದಿನ ವೇದಿಕೆಯಲ್ಲಿ ಎಲ್ಲ ಕೆಡುತ್ತದೆ. ಏಕೆ?
ಹಲವರು

ಸುತ್ತಾಗಿ ಕಲಿತದ್ದನ್ನು ಸಾಲಾಗಿ ಆಡಿಸುವುದರಿಂದ. ಹನ್ನೆರಡು ಮಕ್ಕಳ ಸುತ್ತಿಗೆ ಇಪ್ಪತ್ತು ಅಡಿ ಅಗಲ, ಇಪ್ಪತ್ತು ಅಡಿ ಆಳ ಬೇಕು, ಶಾಲೆಯ ವೇದಿಕೆಗೆ ಆಳ ಇರುವುದಿಲ್ಲ. ವೇದಿಕೆ ಬಿಟ್ಟು ಅಂಗಳಕ್ಕೆ ಇಳಿಯಿರಿ, ಜನ ಸುತ್ತ ಕೂರಲಿ. ಕೋಲಿಗೆ ಮೈಕು ಬೇಡ, ಹಾಡುವವರಿಗೆ ಒಂದು ಸಾಕು. ಸ್ಪೀಕರುಗಳು ಜನರ ಕಡೆಗೇ ಮುಖ ಮಾಡಿದ್ದರೆ ಮಕ್ಕಳಿಗೆ ಹಾಡು ಕೇಳುವುದಿಲ್ಲ, ಒಂದನ್ನು ಅವರ ಕಡೆ ತಿರುಗಿಸಿ. ಗೆಜ್ಜೆ, ಪೇಟ, ಹೊಸ ಪಂಚೆ ಹಾಕಿ ಹಿಂದಿನ ದಿನವೇ ಒಮ್ಮೆ ಪೂರ್ತಿ ಕುಣಿಸಿ. ಬಿಚ್ಚಿಹೋಗುವ ಪಂಚೆ ಯಾವುದೆಂದು ಆಗಲೇ ತಿಳಿಯಲಿ. ಒಂದು ಕುಣಿತಕ್ಕೆ ಎಂಟು ನಿಮಿಷ. ಅತಿಥಿಗಳ ಭಾಷಣ ಕುಣಿತದ ನಂತರ ಇಟ್ಟುಕೊಳ್ಳಿ, ಗೆಜ್ಜೆ ಕಟ್ಟಿದ ಮಕ್ಕಳನ್ನು ಒಂದು ಗಂಟೆ ಕಾಯಿಸಿದರೆ ಕಾಲೂ ಜೋಮು ಹಿಡಿಯುತ್ತದೆ, ಹುಮ್ಮಸ್ಸೂ ಇಳಿಯುತ್ತದೆ.